ಯುಎಸ್‌ಎಸ್ ನಿಯೋಶೋ (ಎಒ-23): ಏಳು ಬಾಂಬ್ ಬಿದ್ದ ಮೇಲೂ ತೈಲ ಹಡಗು ನಾಲ್ಕು ದಿನ ತೇಲಿದ್ದು ಹೇಗೆ?

ಕಡಲಕಾಗೆ

ನಮಸ್ಕಾರ ಎಲ್ಲರಿಗೂ. 1942ರ ಮೇ ತಿಂಗಳ ಕೋರಲ್ ಸಮುದ್ರದ ಕಾಳಗದ ಬಗ್ಗೆ ಎಲ್ಲಿ ಓದಿದರೂ ನಿಯೋಶೋ ಎಂಬ ಅಮೆರಿಕದ ತೈಲ ಹಡಗಿಗೆ ಸಿಗುವುದು ಎರಡೇ ಸಾಲು. ಜಪಾನಿನವರು ವಿಮಾನವಾಹಕ ನೌಕೆ ಅಂದುಕೊಂಡು ಹೊಡೆದರು, ಹಡಗು ಹೋಯಿತು. ಅಷ್ಟಕ್ಕೇ ಮುಗಿಯುತ್ತದೆ. ನನಗೆ ಬೇಕಾಗಿರುವುದು ಅದರಾಚೆಗಿನ ವಿವರ.

ಹಡಗಿನ ಸೇವೆ ಎಲ್ಲಿಂದ ಶುರುವಾಯಿತು, ಪರ್ಲ್ ಹಾರ್ಬರ್ ದಾಳಿಯ ದಿನ ಅದು ಎಲ್ಲಿತ್ತು? ತೈಲ ಹಡಗು ವಿಮಾನವಾಹಕದಂತೆ ಕಾಣಲು ಹೇಗೆ ಸಾಧ್ಯ? ಏಳು ಬಾಂಬ್ ಬಿದ್ದರೂ ಕೂಡಲೇ ಸ್ಫೋಟಗೊಳ್ಳದೆ ಮೇ 7ರಿಂದ 11ರವರೆಗೆ ತೇಲಿದ್ದು ಯಾವ ಲೆಕ್ಕದಲ್ಲಿ? ಹಡಗು ತೇಲುತ್ತಿದ್ದರೂ ಅಷ್ಟೊಂದು ಜನ ಸತ್ತದ್ದೇಕೆ? ಬಲ್ಲವರು ಬಿಡಿಸಿ ಹೇಳಿ.

ಲಂಗರು

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಸಿಮರಾನ್ ವರ್ಗದ ಹಡಗು. ನ್ಯೂಜೆರ್ಸಿಯ ಕಿಯರ್ನಿಯಲ್ಲಿದ್ದ ಫೆಡರಲ್ ಶಿಪ್‌ಬಿಲ್ಡಿಂಗ್ ಕಟ್ಟೆಯಲ್ಲಿ 1938ರ ಜೂನ್ 22ರಂದು ಕೆಲಸ ಆರಂಭ, 1939ರ ಏಪ್ರಿಲ್ 29ರಂದು ನೀರಿಗೆ, ಅದೇ ವರ್ಷ ಆಗಸ್ಟ್ 7ಕ್ಕೆ ನೌಕಾಪಡೆಯ ಸೇವೆಗೆ. ಕನ್ಸಾಸ್ ಮತ್ತು ಒಕ್ಲಹೋಮದಲ್ಲಿ ಹರಿಯುವ ನಿಯೋಶೋ ನದಿಯ ಹೆಸರಿಟ್ಟರು. ತೈಲ ಹಡಗುಗಳಿಗೆ ನದಿಯ ಹೆಸರಿಡುವುದು ಆಗ ಅಲ್ಲಿನ ರೂಢಿಯಾಗಿತ್ತು. ಉದ್ದ 553 ಅಡಿ, ಅಗಲ 75 ಅಡಿ, ಎರಡು ಪ್ರೊಪೆಲರ್, ಸ್ಟೀಮ್ ಟರ್ಬೈನ್, ವೇಗ 18 ನಾಟ್ (ಗಂಟೆಗೆ ಸುಮಾರು 33 ಕಿ.ಮೀ.).

ಆ 18 ನಾಟ್ ಸಣ್ಣ ಮಾತಲ್ಲ. ಮೊದಲ ಮಹಾಯುದ್ಧದ ಕಾಲದ ಹಲವು ತೈಲ ಹಡಗುಗಳು 10-11 ನಾಟ್‌ನಲ್ಲಿ ತೆವಳುತ್ತಿದ್ದವು. ವಿಮಾನವಾಹಕಗಳ ಜೊತೆ ಓಡಬಲ್ಲ ತೈಲ ಹಡಗು ಬೇಕು ಅಂತಲೇ ಈ ವರ್ಗಕ್ಕೆ ದೊಡ್ಡ ಎಂಜಿನ್ ಹಾಕಿಸಿದರು. ಅಂದಾಜು ಸಿಗಲಿ ಅಂತ ಹೇಳುವುದಾದರೆ, 2011ರಲ್ಲಿ ನಮ್ಮ ನೌಕಾಪಡೆಗೆ ಬಂದ ಐಎನ್‌ಎಸ್ ದೀಪಕ್ 175 ಮೀಟರ್ ಉದ್ದ, ನಿಯೋಶೋ 168. ಗಾತ್ರದಲ್ಲಿ ಹೆಚ್ಚುಕಡಿಮೆ ಅಕ್ಕತಂಗಿಯರು.

1941ರ ಜುಲೈನಲ್ಲಿ ಪ್ಯೂಜೆಟ್ ಸೌಂಡ್ ನೌಕಾ ಕಟ್ಟೆಯಲ್ಲಿ ಮಾರ್ಪಾಡು ಮುಗಿಯಿತು. ಆಮೇಲೆ ಅಮೆರಿಕದ ಪಶ್ಚಿಮ ಕರಾವಳಿಯಿಂದ ಪರ್ಲ್ ಹಾರ್ಬರ್‌ಗೆ ವಿಮಾನದ ಪೆಟ್ರೋಲ್ ಸಾಗಿಸುವುದೇ ಕೆಲಸ. ಡಿಸೆಂಬರ್ 6ಕ್ಕೆ ಅಂಥದೇ ಒಂದು ಸರಕಿನೊಂದಿಗೆ ಬಂದು ಫೋರ್ಡ್ ದ್ವೀಪದ ಎಫ್-4 ತಂಗುದಾಣಕ್ಕೆ ಕಟ್ಟಿಕೊಂಡಿತು. ಒಂದು ಕಡೆ ಕ್ಯಾಲಿಫೋರ್ನಿಯಾ ಯುದ್ಧನೌಕೆ, ಇನ್ನೊಂದು ಕಡೆ ಮೇರಿಲ್ಯಾಂಡ್ ಮತ್ತು ಒಕ್ಲಹೋಮ ಯುದ್ಧನೌಕೆಗಳು. ಯುದ್ಧನೌಕೆಗಳ ಸಾಲಿನ ನಟ್ಟನಡುವೆ ಪೆಟ್ರೋಲ್ ಹಡಗು!

ಮರುದಿನ ದಾಳಿ ಶುರುವಾದಾಗ ಪೆಟ್ರೋಲ್ ದ್ವೀಪದ ವಾಯುನೆಲೆಗೆ ಇಳಿದಾಗಿತ್ತು. "ಖಾಲಿಯಾಗಿತ್ತಲ್ಲ, ಇನ್ನೇನು ಅಪಾಯ" ಅನ್ನಬೇಡಿ. ತುಂಬಿದ ತೊಟ್ಟಿಯಲ್ಲಿ ಉರಿಯಲು ಗಾಳಿ ಇರುವುದಿಲ್ಲ. ಖಾಲಿಯಾದದ್ದರಲ್ಲಿ ಪೆಟ್ರೋಲ್ ಆವಿಯೂ ಗಾಳಿಯೂ ಬೆರೆತಿರುತ್ತವೆ. ಆವಿ ನೂರಕ್ಕೆ ಒಂದೂವರೆಯಿಂದ ಏಳೂವರೆ ಪಾಲು ಇದ್ದರೆ ಒಂದು ಕಿಡಿ ಸಾಕು. ಕ್ಯಾಪ್ಟನ್ ಸ್ಥಾನದಲ್ಲಿದ್ದ ಕಮಾಂಡರ್ ಜಾನ್ ಎಸ್. ಫಿಲಿಪ್ಸ್ ಟಗ್ ದೋಣಿಗೆ ಕಾಯಲಿಲ್ಲ. 8:42ರ ಹೊತ್ತಿಗೆ ಹಡಗು ಜಾಗ ಬಿಟ್ಟು, ಮಗುಚಿದ್ದ ಒಕ್ಲಹೋಮವನ್ನು ದಾಟಿ, ಅದೇ ಬಂದರಿನ ಮೆರ್ರಿ ಪಾಯಿಂಟ್ ಕಡೆಗೆ ಹೋಯಿತು. ವಿಮಾನದ ಗುಂಡಿನಿಂದ ಮೂವರಿಗೆ ಗಾಯ, ಅಷ್ಟೇ. ಹಡಗು ಜಾಗ ಖಾಲಿ ಮಾಡಿದ್ದರಿಂದ ಮೇರಿಲ್ಯಾಂಡ್‌ಗೂ ಹೊರಬರುವ ದಾರಿ ತೆರೆಯಿತು.

ಮುಂದಿನ ಐದು ತಿಂಗಳು ವಿಮಾನವಾಹಕಗಳ ಜೊತೆ, ಕೆಲವೊಮ್ಮೆ ಒಂಟಿಯಾಗಿಯೂ ಓಡಾಟ. ಕಾವಲು ಹಡಗುಗಳಿಗೆ ಆಗ ಅಷ್ಟು ಬರ. ಮೇ 6ರಂದು ಯಾರ್ಕ್‌ಟೌನ್ ವಿಮಾನವಾಹಕಕ್ಕೂ ಆಸ್ಟೋರಿಯಾ ಕ್ರೂಸರ್‌ಗೂ ಎಣ್ಣೆ ಕೊಟ್ಟು, ಸಿಮ್ಸ್ ಎಂಬ ಒಂದೇ ಡಿಸ್ಟ್ರಾಯರ್ (ವೇಗದ ಚಿಕ್ಕ ಯುದ್ಧನೌಕೆ) ಕಾವಲಿನಲ್ಲಿ ದಕ್ಷಿಣಕ್ಕೆ ಹೊರಟಿತು. ಕಾಳಗದಿಂದ ದೂರ ಇರಲಿ ಅಂತಲೇ ಅತ್ತ ಕಳಿಸಿದ್ದು.

ನಕ್ಷೆಗಾರ

ತಪ್ಪು ಗುರುತಿನ ವಿಷಯ ನಾನು ಹೇಳುತ್ತೇನೆ, ಇದರಲ್ಲಿ ಗಂಟೆಗಳ ಲೆಕ್ಕ ಮುಖ್ಯ.

ಮೇ 7, ಬೆಳಿಗ್ಗೆ 7:22. ಜಪಾನಿನ ಶೋಕಾಕು ವಿಮಾನವಾಹಕದಿಂದ ಹುಡುಕಲು ಹೋದ ವಿಮಾನ ದಕ್ಷಿಣಕ್ಕೆ 163 ನಾಟಿಕಲ್ ಮೈಲಿ ದೂರದಲ್ಲಿ ಅಮೆರಿಕದ ಹಡಗುಗಳಿವೆ ಎಂದು ಸುದ್ದಿ ಕೊಟ್ಟಿತು. 7:45ಕ್ಕೆ ಅದನ್ನೇ ಗಟ್ಟಿ ಮಾಡಿತು: ಒಂದು ವಿಮಾನವಾಹಕ, ಒಂದು ಕ್ರೂಸರ್, ಮೂರು ಡಿಸ್ಟ್ರಾಯರ್. ಅಲ್ಲಿ ಇದ್ದದ್ದು ಎರಡೇ ಹಡಗು. ಎತ್ತರದಿಂದ ನೋಡುವವನ ಕಣ್ಣಿಗೆ ಉದ್ದನೆಯ ಮೈ, ಚಪ್ಪಟೆ ಡೆಕ್, ಒಂದೆರಡು ಕಡೆ ಎದ್ದ ಕಟ್ಟಡ, ಪಕ್ಕದಲ್ಲಿ ಚಿಕ್ಕ ಕಾವಲು ಹಡಗು ಕಂಡಿತು. ಮನಸ್ಸು ಹುಡುಕುತ್ತಿದ್ದದ್ದೂ ವಿಮಾನವಾಹಕವನ್ನೇ. ಇನ್ನೊಂದು ಮಾತು ಸೇರಿಸಬೇಕು: ಇದೇ ಸಿಮರಾನ್ ವರ್ಗದ ನಾಲ್ಕು ಹಡಗುಗಳನ್ನು (ಸಂಗಮಾನ್, ಸ್ವಾನಿ, ಚೆನಾಂಗೊ, ಸ್ಯಾಂಟೀ) 1942ರಲ್ಲಿ ಅಮೆರಿಕದವರೇ ಮೇಲೆ ರನ್‌ವೇ ಹಾಸಿ ಬೆಂಗಾವಲು ವಿಮಾನವಾಹಕಗಳನ್ನಾಗಿ ಮಾಡಿದರು. ಆ ಮೈಕಟ್ಟಿನಲ್ಲೇ ಅಂಥ ಹೋಲಿಕೆ ಇತ್ತು.

ಶೋಕಾಕು ಮತ್ತು ಝುಯಿಕಾಕುಗಳಿಂದ 8:15ರೊಳಗೆ 78 ವಿಮಾನ ಮೇಲೆದ್ದವು. 18 ಝೀರೋ (ಬೆಂಗಾವಲಿನ ಫೈಟರ್ ವಿಮಾನ), 36 ಡೈವ್ ಬಾಂಬರ್ (ಗುರಿಯ ಮೇಲೆ ಧುಮುಕಿ ಬಾಂಬ್ ಹಾಕುವವು), 24 ಟಾರ್ಪಿಡೊ ವಿಮಾನ. ನಾಯಕ ತಕಹಾಶಿ 9:15ಕ್ಕೆ ಅಲ್ಲಿಗೆ ತಲುಪಿದಾಗ ಕಂಡದ್ದು ತೈಲ ಹಡಗು ಮತ್ತು ಡಿಸ್ಟ್ರಾಯರ್. ವಿಮಾನವಾಹಕ ಇಲ್ಲೇ ಎಲ್ಲೋ ಇರಬೇಕು ಅಂತ ಸುಮಾರು ಎರಡು ಗಂಟೆ ಸುತ್ತಿದರು. 10:51ರ ಹೊತ್ತಿಗೆ ಹುಡುಕಾಟದ ವಿಮಾನದವರಿಗೇ ತಪ್ಪು ಹೊಳೆಯಿತು. 11:15ಕ್ಕೆ ಟಾರ್ಪಿಡೊ ವಿಮಾನಗಳೂ ಝೀರೋಗಳೂ ವಾಪಸ್ ಹೊರಟವು. 36 ಡೈವ್ ಬಾಂಬರ್‌ಗಳು ಮಾತ್ರ ಉಳಿದು ಹೊಡೆದವು. ನಾಲ್ಕು ಸಿಮ್ಸ್ ಮೇಲೆ, ಮಿಕ್ಕವೆಲ್ಲ ನಿಯೋಶೋ ಮೇಲೆ. ಈ 11:15ರ ತೀರ್ಮಾನವನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಮೂರನೇ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ.

ಅಷ್ಟು ಹೊತ್ತಿಗೆ ಅಮೆರಿಕದ ವಿಮಾನಗಳು ಬೇರೆ ಕಡೆ ಶೋಹೊ ಎಂಬ ಚಿಕ್ಕ ವಿಮಾನವಾಹಕವನ್ನು ಮುಳುಗಿಸುತ್ತಿದ್ದವು. ಅವರ ಬೇಹು ವರದಿಯಲ್ಲೂ ಆ ಬೆಳಿಗ್ಗೆ ಎಡವಟ್ಟಾಗಿತ್ತು, ಅವರ ಅದೃಷ್ಟ ಚೆನ್ನಾಗಿತ್ತು. ಜಪಾನಿನ ದೊಡ್ಡ ಎರಡು ನೌಕೆಗಳ ಇಡೀ ಹಗಲಿನ ಶಕ್ತಿ ಒಂದು ತೈಲ ಹಡಗಿನ ಮೇಲೆ ಖರ್ಚಾಯಿತು. ಸಂಜೆ 4:15ಕ್ಕೆ ಮತ್ತೆ ಕಳಿಸಲು ಸಾಧ್ಯವಾದದ್ದು 27 ವಿಮಾನ ಮಾತ್ರ.

ಬಾಯ್ಲರ್‌ರೂಮ್

ಈಗ ತೇಲಿದ ಲೆಕ್ಕ. ನಕ್ಷೆಗಾರರು ಸೂಚಿಸಿದ್ದು ಸರಿ: ಟಾರ್ಪಿಡೊ ಬೀಳಲಿಲ್ಲ. ನೀರಿನ ಮಟ್ಟದ ಕೆಳಗೆ ದೊಡ್ಡ ತೂತು ಕೊರೆಯುವ ಆಯುಧ ಅದು. 250 ಕಿಲೋ ಬಾಂಬ್ ಮೇಲಿಂದ ಬಂದು ಡೆಕ್ ಹರಿದು ಒಳಗೆ ಸಿಡಿಯುತ್ತದೆ. ಜನರನ್ನು, ಪೈಪುಗಳನ್ನು, ಬಾಯ್ಲರನ್ನು ನಾಶ ಮಾಡುತ್ತದೆ, ಆದರೆ ತಳವನ್ನು ಸೀಳುವುದು ಕಡಿಮೆ. ಪಕ್ಕದ ಸಿಮ್ಸ್ ಮೂರು ಬಾಂಬಿಗೇ ಎರಡು ತುಂಡಾಗಿ ಮುಳುಗಿತಲ್ಲ ಅನ್ನಬಹುದು. ಡಿಸ್ಟ್ರಾಯರ್ ಅಂದರೆ ತೆಳು ತಗಡಿನ ಮೈಯೊಳಗೆ ಎಂಜಿನ್ ಮತ್ತು ಮದ್ದುಗುಂಡು, ತಾಳಿಕೆ ಇಲ್ಲ. 192 ಜನರಲ್ಲಿ ಕೊನೆಗೆ ಉಳಿದವರು 14.

ಎರಡನೆಯದು ಸರಕು. ಡಿಸೆಂಬರ್‌ನಲ್ಲಿದ್ದದ್ದು ಪೆಟ್ರೋಲ್, ಮೇ 7ಕ್ಕೆ ಬಹುಪಾಲು ಬಾಯ್ಲರ್ ಉರಿಸುವ ಕಪ್ಪೆಣ್ಣೆ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಕಪ್ಪೆಣ್ಣೆಗೆ 60 ಡಿಗ್ರಿಗಿಂತ ಮೇಲೆ ಕಾಯಬೇಕು. ಬೆಂಕಿ ಬಿತ್ತು, ಹೊಗೆ ಎದ್ದಿತು, ಆದರೆ ಹಡಗೇ ಒಂದು ಬಾಂಬ್ ಆಗಲಿಲ್ಲ.

ಮೂರನೆಯದು ತೂಕದ ಲೆಕ್ಕ, ಬಹಳ ಜನ ಮರೆಯುವುದು ಇದನ್ನೇ. 1000 ಟನ್ ಕಪ್ಪೆಣ್ಣೆ ತುಂಬಿದ ತೊಟ್ಟಿ ಒಡೆದು ಎಣ್ಣೆಯೆಲ್ಲ ಹೋಗಿ ಆ ಜಾಗಕ್ಕೆ ಸಮುದ್ರದ ನೀರು ಬಂತು ಅಂದುಕೊಳ್ಳಿ. ಎಣ್ಣೆಯ ಸಾಂದ್ರತೆ 0.95, ಉಪ್ಪುನೀರಿನದು 1.025. ಹೊಸ ತೂಕ ಸುಮಾರು 1080 ಟನ್. ಹಡಗಿಗೆ ಹೆಚ್ಚಿದ ಭಾರ 80 ಟನ್ ಮಾತ್ರ. ಸರಕು ಹಡಗಿನ ಖಾಲಿ ಹೋಲ್ಡ್ ಒಡೆದಿದ್ದರೆ ಆ 1080 ಟನ್ನೂ ಹೊಸ ಭಾರವೇ. ಇನ್ನು ಹಿಂದಿನ ದಿನ ಎಣ್ಣೆ ಕೊಟ್ಟು ಖಾಲಿಯಾದ ತೊಟ್ಟಿಗಳು ಒಡೆಯದೆ ಉಳಿದಷ್ಟೂ ಗಾಳಿ ತುಂಬಿದ ಡಬ್ಬಗಳೇ. ತೈಲ ಹಡಗನ್ನು ಉದ್ದಕ್ಕೂ ಅಡ್ಡಕ್ಕೂ ಗೋಡೆ ಹಾಕಿ ಹಲವಾರು ತೊಟ್ಟಿಗಳಾಗಿ ಕಟ್ಟಿರುತ್ತಾರೆ. ಒಂದು ಹೋದರೆ ಪಕ್ಕದ್ದು ಇರುತ್ತದೆ.

ದುರ್ಬಲ ಜಾಗ ಇರುವುದು ಹಿಂಭಾಗದಲ್ಲಿ. ಎಂಜಿನ್ ಕೋಣೆ, ಬಾಯ್ಲರ್ ಕೋಣೆ, ಎರಡೂ ದೊಡ್ಡ ಖಾಲಿ ಜಾಗಗಳು. ಬಾಂಬ್ ಅಲ್ಲಿಗೂ ಬಿತ್ತು. ಬೆಂಕಿ ಹತ್ತಿದ ಒಂದು ಡೈವ್ ಬಾಂಬರ್ ಕೂಡ ಹಿಂಭಾಗದ ನಾಲ್ಕನೇ ತೋಪಿನ ಹತ್ತಿರ ಬಂದು ಅಪ್ಪಳಿಸಿತು. ಏಳು ನೇರ ಹೊಡೆತ, ಜೊತೆಗೆ ಪಕ್ಕದ ನೀರಿನಲ್ಲಿ ಸಿಡಿದ ಎಂಟು. ಬಾಯ್ಲರ್ ಹೋದರೆ ಸ್ಟೀಮ್ ಇಲ್ಲ. ಸ್ಟೀಮ್ ಇಲ್ಲ ಅಂದರೆ ಟರ್ಬೈನ್ ಇಲ್ಲ, ಜನರೇಟರ್ ಇಲ್ಲ, ನೀರು ಹೊರಹಾಕುವ ಪಂಪೂ ಇಲ್ಲ. ಹಡಗು ಬಲಬದಿಗೆ ಸುಮಾರು 30 ಡಿಗ್ರಿ ವಾಲಿತು. ಆ ಬದಿಯ ಡೆಕ್ಕಿನ ಅಂಚು ನೀರಿಗೆ ತಾಗಿತ್ತು. ತಗಡುಗಳು ಮಡಚಿಕೊಂಡು, ನಡು ಮುರಿಯುವ ಭಯ ಇತ್ತು.

ಇಲ್ಲೇ ಆಸ್ಕರ್ ವಿ. ಪೀಟರ್ಸನ್ ಹೆಸರು ಬರುವುದು. ಬಾಯ್ಲರ್ ವಿಭಾಗದ ಹಿರಿಯ ಚೀಫ್, ದುರಸ್ತಿ ತಂಡದ ಮುಖ್ಯಸ್ಥ. ಸ್ಟೀಮ್ ಪೈಪು ಒಂದು ಕೋಣೆಯಿಂದ ಇನ್ನೊಂದಕ್ಕೆ ಗೋಡೆ ದಾಟುವಲ್ಲೆಲ್ಲ ಒಂದೊಂದು ಸ್ಟಾಪ್ ವಾಲ್ವ್ ಇರುತ್ತದೆ. ಒಂದು ಕಡೆ ಪೈಪು ಒಡೆದರೆ ಆ ವಾಲ್ವ್ ತಿರುಗಿಸಿ ಕಡಿದುಹಾಕದಿದ್ದರೆ ಇಡೀ ಲೈನಿನ ಸ್ಟೀಮ್ ಒಡೆದ ಬಾಯಿಂದಲೇ ನುಗ್ಗುತ್ತದೆ. ತಂಡದ ಉಳಿದವರು ಗಾಯಗೊಂಡು ಬಿದ್ದಿದ್ದರು. ಅವರೂ ಗಾಯಾಳು. ಒಬ್ಬರೇ ಹೋಗಿ ಅಂಥ ನಾಲ್ಕು ವಾಲ್ವ್ ಮುಚ್ಚಿದರು, ಆ ಸುಟ್ಟಗಾಯಗಳಿಂದಲೇ ಕೆಲವು ದಿನದಲ್ಲಿ ತೀರಿಕೊಂಡರು. ಮರಣೋತ್ತರ ಮೆಡಲ್ ಆಫ್ ಆನರ್ ಸಿಕ್ಕಿತು, ಡಿಇ-152 ಎಂಬ ಕಾವಲು ಹಡಗಿಗೆ ಅವರ ಹೆಸರಿಟ್ಟರು. ಕುಟುಂಬದ ಕೈಗೆ ಸಮಾರಂಭದಲ್ಲಿ ಪದಕ ಕೊಟ್ಟದ್ದು ಮಾತ್ರ 2010ರಲ್ಲಿ, ಅರವತ್ತೆಂಟು ವರ್ಷ ಬಿಟ್ಟು.

ಹೋಲಿಕೆಗೆ ಮರುದಿನವನ್ನೇ ನೋಡಿ. ಮೇ 8ರಂದು ಲೆಕ್ಸಿಂಗ್ಟನ್ ವಿಮಾನವಾಹಕಕ್ಕೆ ಟಾರ್ಪಿಡೊ ಬಿತ್ತು. ಬೆಂಕಿ ಆರಿಸಿ, ವಾಲಿದ್ದನ್ನು ನೆಟ್ಟಗೆ ಮಾಡಿ, ವಿಮಾನಗಳನ್ನೂ ಇಳಿಸಿಕೊಳ್ಳುತ್ತಿದ್ದರು. ಬಿರುಕುಬಿಟ್ಟ ಪೆಟ್ರೋಲ್ ತೊಟ್ಟಿಗಳಿಂದ ಆವಿ ಒಳಗೆಲ್ಲ ಹರಡಿ, 12:47ಕ್ಕೆ ವಿದ್ಯುತ್ ಮೋಟಾರಿನ ಕಿಡಿಗೆ ಸಿಡಿಯಿತು. ಸಂಜೆಗೆ ಹಡಗೇ ಇಲ್ಲ. ಎಣ್ಣೆ ಹಡಗು ತೇಲುತ್ತಿತ್ತು, ವಿಮಾನವಾಹಕ ತಳ ಸೇರಿತು.

ಕಡಲಕಾಗೆ

ಬಹಳ ಉಪಕಾರ. ಟಾರ್ಪಿಡೊ ವಿಮಾನಗಳು ವಾಪಸ್ ಹೋದ ವಿಷಯ ನನಗೆ ಗೊತ್ತೇ ಇರಲಿಲ್ಲ. ಇನ್ನೆರಡು: ಈ ಹಡಗು 1,46,000 ಬ್ಯಾರೆಲ್ ಒಯ್ಯುತ್ತಿತ್ತು ಅಂತ ಎಲ್ಲ ಕಡೆ ಇದೆ, ಮೇ 6ಕ್ಕೆ ಅಷ್ಟೂ ಇತ್ತು ಅಂತ ಇಟ್ಟುಕೊಳ್ಳಬಹುದೇ? ಮತ್ತೆ, ಓಡುವ ಹಡಗಿಗೆ ಎಣ್ಣೆ ಕೊಡುವುದು ಆ ಕಾಲದಲ್ಲಿ ಹೇಗೆ?

ಲಂಗರು

ಇಟ್ಟುಕೊಳ್ಳಬಾರದು. 1,46,000 ಅನ್ನುವುದು ತೊಟ್ಟಿಗಳ ಅಳತೆ, ಹೊರುವ ಭಾರವಲ್ಲ. ಬರಿಮೈ ತೂಕ 7,470 ಟನ್, ತುಂಬಿದ ತೂಕ 25,000 ಟನ್ ಆಸುಪಾಸು. ಅಂದರೆ ಒಟ್ಟು ಹೊರೆ ಹದಿನೇಳೂವರೆ ಸಾವಿರ ಟನ್. ಕಪ್ಪೆಣ್ಣೆ ಲೆಕ್ಕ ಹಾಕಿದರೆ (ಒಂದು ಬ್ಯಾರೆಲ್ 159 ಲೀಟರ್) 1,20,000 ಬ್ಯಾರೆಲ್‌ಗೂ ಮೊದಲೇ ಮಿತಿ ಮುಟ್ಟುತ್ತದೆ. ಅದರಲ್ಲೇ ಹಡಗಿನ ಸ್ವಂತ ಎಣ್ಣೆ, ಸಿಹಿನೀರು, ದಿನಸಿ, ಗುಂಡುಗಳೂ ಸೇರಬೇಕು. ಹಗುರವಾದ ಪೆಟ್ರೋಲ್ ಆದರೆ ಮಾತ್ರ ತೊಟ್ಟಿ ಅಂಚಿನವರೆಗೆ ತುಂಬಲು ಬರುತ್ತದೆ.

ಎಣ್ಣೆ ಕೊಡುವ ಕ್ರಮ ಹೀಗೆ. ತೈಲ ಹಡಗು ದಿಕ್ಕು, ವೇಗ ಎರಡನ್ನೂ ಬದಲಿಸದೆ 8ರಿಂದ 12 ನಾಟ್‌ನಲ್ಲಿ ಹೋಗುತ್ತಿರುತ್ತದೆ. ಪಡೆಯುವ ಹಡಗು ಹಿಂದಿನಿಂದ ಬಂದು ಪಕ್ಕಕ್ಕೆ ಸರಿದು ವೇಗ ಹೊಂದಿಸಿಕೊಳ್ಳುತ್ತದೆ. ಮೊದಲು ತೆಳು ದಾರ ಎಸೆಯುತ್ತಾರೆ, ಅದಕ್ಕೆ ದಪ್ಪ ಹಗ್ಗ, ಆ ಹಗ್ಗಕ್ಕೆ ಹೋಸ್. ಡಿಸ್ಟ್ರಾಯರ್‌ಗೆ 4 ಇಂಚಿನ ಹೋಸ್, ದೊಡ್ಡ ಹಡಗಿಗೆ 6 ಇಂಚಿನದು. ತೈಲ ಹಡಗಿನ ಬೂಮ್‌ನಿಂದ ತೊಟ್ಟಿಲಿನಂಥ ಆಧಾರದಲ್ಲಿ ಹೋಸನ್ನು ಬಳುಕುವಂತೆ ಇಳಿಬಿಡುತ್ತಾರೆ, ಹಡಗುಗಳು ಹೊರಳಿದಾಗ ಜಗ್ಗಬಾರದು ಅಂತ. ಜೋಡಿಸಿದ ಮೇಲೆ ನಿಧಾನ ಪಂಪ್ ಶುರು, ಸೋರಿಕೆ ಇಲ್ಲ ಅಂದರೆ ಒತ್ತಡ ಹೆಚ್ಚಿಸುವುದು. ಮುಗಿದ ಮೇಲೆ ಗಾಳಿ ಊದಿ ಹೋಸ್ ಖಾಲಿ ಮಾಡಿಯೇ ಬಿಚ್ಚಬೇಕು. ಅಪಾಯ ಬಂದರೆ ಕೂಡಲೇ ಕಡಿಯಲು ಕೊಡಲಿ ಹಿಡಿದವನೊಬ್ಬ ಹಗ್ಗದ ಹತ್ತಿರ ನಿಂತೇ ಇರುತ್ತಾನೆ.

ಕೆಡುವುದು ಎಲ್ಲಿ? ಎರಡು ಹಡಗು ಪಕ್ಕಪಕ್ಕ ಓಡುವಾಗ ಮುಂಭಾಗದ ನೀರಿನ ಒತ್ತಡ ಒಂದನ್ನೊಂದು ದೂಡುತ್ತದೆ, ನಡುಭಾಗದಲ್ಲಿ ಎಳೆಯುತ್ತದೆ. ಹತ್ತಿರ ಬಂದಷ್ಟೂ ಎಳೆತ ಜೋರು. ಚುಕ್ಕಾಣಿ ಹಿಡಿದವನು ಅರ್ಧ ಡಿಗ್ರಿ, ಒಂದು ಡಿಗ್ರಿ ಲೆಕ್ಕದಲ್ಲೇ ತಿದ್ದಬೇಕು. ಗಾಬರಿಯಲ್ಲಿ ಜೋರಾಗಿ ತಿರುಗಿಸಿದರೆ ಹಿಂಭಾಗ ಹೋಗಿ ಗುದ್ದುತ್ತದೆ. ಜೊತೆಗೆ ಆ ಗಂಟೆಗಳಲ್ಲಿ ಹಾವಿನಂತೆ ತಿರುಗಿ ಓಡಲು ಬರುವುದಿಲ್ಲ, ಜಲಾಂತರ್ಗಾಮಿಗೆ ಅಷ್ಟು ಸುಲಭದ ಗುರಿ ಬೇರೆ ಇಲ್ಲ.

ಟಿಪ್ಪಕನೂ ಎಂಬ ಇನ್ನೊಂದು ತೈಲ ಹಡಗು ಇದ್ದ ಎಣ್ಣೆ ಕೊಟ್ಟು ಆಗಲೇ ಎಫಾಟೆ ದ್ವೀಪದ ಕಡೆಗೆ ಹೋಗಿತ್ತು. ಹಾಗಾಗಿ ಮೇ 7ರ ಮಧ್ಯಾಹ್ನ ಅಮೆರಿಕದ ಪಡೆಯ ಮುಖ್ಯಸ್ಥ ಅಡ್ಮಿರಲ್ ಫ್ಲೆಚರ್ ಹತ್ತಿರ ಪಕ್ಕದಲ್ಲಿ ಎಣ್ಣೆ ಕೊಡುವವರು ಯಾರೂ ಉಳಿಯಲಿಲ್ಲ. ಮುಂದಿನ ಪ್ರತಿ ತೀರ್ಮಾನದಲ್ಲೂ ಎಣ್ಣೆಯ ಚಿಂತೆ ಸೇರಿಕೊಂಡಿತು.

ನಕ್ಷೆಗಾರ

ನಾಲ್ಕನೇ ಪ್ರಶ್ನೆ ಉಳಿದಿದೆ. ಅದಕ್ಕೆ ಎರಡು ಕಾರಣ: ಒಂದು ಆದೇಶ, ಒಂದು ನಕ್ಷೆಯ ಚುಕ್ಕೆ.

ಫಿಲಿಪ್ಸ್ ಕೊಟ್ಟ ಆದೇಶ "ಹಡಗು ಬಿಡಲು ಸಿದ್ಧತೆ ಮಾಡಿ, ಕಾಯಿರಿ" ಅಂತ. ಸುತ್ತ ಬೆಂಕಿ, ಸ್ಟೀಮ್, ಕಣ್ಣೆದುರು ಸಿಮ್ಸ್ ಸಿಡಿದು ಹೋಗಿದೆ. ಬಹಳ ಜನರ ಕಿವಿಗೆ ಬಿದ್ದದ್ದು "ಹಡಗು ಬಿಡಿ" ಅನ್ನುವಷ್ಟೇ. ತೆಪ್ಪಗಳನ್ನು ನೀರಿಗೆ ಬಿಟ್ಟರು, ಜನ ಹಾರಿದರು. ಮೋಟಾರ್ ದೋಣಿಗಳು ಕೆಲವರನ್ನು ವಾಪಸ್ ತಂದವು, ಅಷ್ಟರಲ್ಲಿ ಕತ್ತಲಾಯಿತು. ಆ ರಾತ್ರಿ ತಲೆ ಎಣಿಸಿದಾಗ ನೂರೈವತ್ತಕ್ಕೂ ಹೆಚ್ಚು ಜನ ಕಾಣೆ. ವಾಲಿದ ದೊಡ್ಡ ಹಡಗಿಗೆ ಗಾಳಿ ಹೊಡೆಯುವ ಪಕ್ಕೆ ಬೇರೆ, ನೀರಿಗೆ ಅಂಟಿಕೊಂಡ ತೆಪ್ಪಕ್ಕೆ ಬೇರೆ. ಎರಡೂ ಒಂದೇ ವೇಗದಲ್ಲಿ ತೇಲುವುದಿಲ್ಲ, ಬೆಳಗಾಗುವಷ್ಟರಲ್ಲಿ ಕಣ್ಣಳತೆ ಮೀರುತ್ತದೆ.

ಇನ್ನು ಚುಕ್ಕೆ. ಸಹಾಯ ಕೇಳಿ ಕಳಿಸಿದ ಸಂದೇಶದಲ್ಲಿ ಕೊಟ್ಟ ಸ್ಥಾನ 16 ಡಿಗ್ರಿ 25 ಮಿನಿಟ್ ದಕ್ಷಿಣ, 157 ಡಿಗ್ರಿ 31 ಮಿನಿಟ್ ಪೂರ್ವ. ಅದು ತಪ್ಪು. ಗುರುತು ಹಾಕುವಾಗಲೇ ಲೆಕ್ಕ ಜಾರಿತ್ತು. ಮೊನಹನ್ ಡಿಸ್ಟ್ರಾಯರ್ ಹುಡುಕಲು ಬಂದು ಬರಿಗೈಯಲ್ಲಿ ಹೋಯಿತು. ಹುಡುಕುವವರು ಕೊಟ್ಟ ಚುಕ್ಕೆಯಿಂದ ಗಾಳಿ, ಪ್ರವಾಹದ ಲೆಕ್ಕ ಹಾಕಿ ಮುಂದಿನ ಜಾಗ ಊಹಿಸುತ್ತಾರೆ. ಮೊದಲ ಚುಕ್ಕೆಯೇ ತಪ್ಪಿದ್ದರೆ ಮುಂದಿನ ಲೆಕ್ಕವೆಲ್ಲ ಅಷ್ಟೇ ಅಚ್ಚುಕಟ್ಟಾಗಿ ತಪ್ಪುತ್ತದೆ. ಮೇ 10ರಂದು ಆಸ್ಟ್ರೇಲಿಯಾದ ವಿಮಾನ ಕಂಡುಹಿಡಿಯಿತು. 11ರಂದು ಹೆನ್ಲಿ ಡಿಸ್ಟ್ರಾಯರ್ ಬಂದು 123 ಜನರನ್ನು ಇಳಿಸಿಕೊಂಡಿತು: ನಿಯೋಶೋದ 109, ಸಿಮ್ಸ್‌ನ 14. ಸಿಮ್ಸ್‌ನವರು ಬದುಕಿದ್ದು ಡಿಕನ್ ಎಂಬ ಚೀಫ್ ಹಾನಿಗೊಂಡ ದೋಣಿಯಲ್ಲಿ ಅವರನ್ನು ಎತ್ತಿಕೊಂಡು ನಿಯೋಶೋ ಪಕ್ಕಕ್ಕೆ ತಂದದ್ದರಿಂದ. ಆಮೇಲೆ ಹೆನ್ಲಿಯೇ ನಿಯೋಶೋವನ್ನು ಹೊಡೆದು ಮುಳುಗಿಸಿತು. ಎಳೆದೊಯ್ಯುವ ಸ್ಥಿತಿ ಇರಲಿಲ್ಲ.

ಒಟ್ಟಿಗೆ ಕಟ್ಟಿಕೊಂಡ ತೆಪ್ಪಗಳಲ್ಲಿ 68 ಜನ ಹೊರಟಿದ್ದರು. ಒಂಬತ್ತು ಹತ್ತು ದಿನದ ಮೇಲೆ ಹೆಲ್ಮ್ ಡಿಸ್ಟ್ರಾಯರ್‌ಗೆ ಸಿಕ್ಕಾಗ ಅದರಲ್ಲಿ ಜೀವಂತ ಇದ್ದವರು ನಾಲ್ವರು. ನಿಯೋಶೋದವರಲ್ಲಿ ಬಾಂಬಿಗೆ ಸತ್ತವರಿಗಿಂತ ನೀರಿನಲ್ಲಿ ಹೋದವರೇ ಹೆಚ್ಚು.

ಬಾಯ್ಲರ್‌ರೂಮ್

ಚಿತ್ರ ಹುಡುಕುವಾಗ ಒಂದು ಎಚ್ಚರ. ನಿಯೋಶೋ ಹೆಸರಿನ ಇನ್ನೆರಡು ತೈಲ ಹಡಗುಗಳು ಆಮೇಲೆ ಬಂದವು. ಎಒ-48 ಅದೇ 1942ರಲ್ಲಿ, ಎಒ-143 ಅನ್ನುವುದು 1954ರಲ್ಲಿ. ಬಣ್ಣದ ಫೋಟೋದಲ್ಲಿ ಜೆಟ್ ವಿಮಾನವಾಹಕದ ಪಕ್ಕ ಎಣ್ಣೆ ಕೊಡುತ್ತಿರುವ ನಿಯೋಶೋ ಕಂಡರೆ ಅದು ಮೂರನೆಯದು. ಕೋರಲ್ ಸಮುದ್ರದ್ದು ಎಒ-23, ಹೆಸರಿನ ಜೊತೆ ಈ ನಂಬರ್ ಹಾಕಿಯೇ ಹುಡುಕಿ.